ಟ್ಯಾಂಕಿನಿಂದ ಕ್ರ್ಯಾಂಕ್‌ಕೇಸಿಗೆ: ದೇವನಹಳ್ಳಿ ಸೀಮೆಯ ಬೈಕುಗಳಲ್ಲಿ ಆಯಿಲ್ ಖರ್ಚು ಮತ್ತು ಹೊಸ ಎಂಜಿನ್ನಿನ ರನ್ನಿಂಗ್

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹೊರಗಿನವರಿಗೆ ಗೊತ್ತಿರುವುದು ಅಲ್ಲಿನ ಹುಣಸೆ ತೋಪಿನಿಂದ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ನನ್ನ ಗಮನವಿರುವುದು ಆ ಸೀಮೆಯ ರಸ್ತೆಗಳಲ್ಲಿ ಓಡಾಡುವ ಗಾಡಿಗಳ ಮೇಲೆ. ಡೇರಿಗೆ ಹಾಲಿನ ಕ್ಯಾನು, ಹುಳುಮನೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡಿನ ಚೀಲ: ರೇಷ್ಮೆ, ಹೈನು ನಂಬಿದ ಊರುಗಳಲ್ಲಿ ಗಾಡಿ ಶೋರೂಮಿನಿಂದ ಬಂದ ವಾರದೊಳಗೇ ದುಡಿಮೆಗೆ ಇಳಿಯುತ್ತದೆ. ಅಂಥ ಎಂಜಿನ್ನು ಎಷ್ಟು ಆಯಿಲ್ ಸುಡುತ್ತದೆ, ಅದು ಮಾಲೀಕರಿಗೆ ತಿಳಿಯುವುದು ಹೇಗೆ? ಟೂ-ಸ್ಟ್ರೋಕ್ ಕಾಲದಲ್ಲಿ ಬೇರೂರಿದ ತಿಳಿವಳಿಕೆಯಿಂದಲೇ ನಾವು ಇಂದಿನ ಫೋರ್-ಸ್ಟ್ರೋಕ್ ಎಂಜಿನ್ನನ್ನೂ ನೋಡುತ್ತಿದ್ದೇವೆ, ಅದರಿಂದ ಎಂಜಿನ್ನಿಗೆ ನಷ್ಟವಾಗುತ್ತಿದೆ ಎಂಬುದು ಈ ಲೇಖನದ ವಾದ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ದಿಗಳು ಟೂ-ಸ್ಟ್ರೋಕ್ ಗಾಡಿಗಳು. ಗಡಿಯಾಚೆಯ ಹೊಸೂರಿನಿಂದ 1980ರಲ್ಲಿ ಬಂದ ಟಿವಿಎಸ್ 50 ಕೂಡ ಅದೇ ಜಾತಿಯದು. ಇವುಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಬೇಕಿತ್ತು. ಹೊಸ ಗಾಡಿಗೆ ಒಂದಿಷ್ಟು ಹೆಚ್ಚು ಬೆರೆಸುವುದು ರೂಢಿ. ಲೀಟರಿಗೆ 20 ಮಿ.ಲೀ. ಬೆರಕೆ, ಲೀಟರಿಗೆ 50 ಕಿ.ಮೀ. ಮೈಲೇಜು ಎಂದಿಟ್ಟುಕೊಂಡರೆ 1000 ಕಿ.ಮೀ.ಗೆ 400 ಮಿ.ಲೀ. ಆಯಿಲ್ ಹೊಗೆಯಾಗಿ ಹೋಗುತ್ತಿತ್ತು. ಅದು ಆ ಎಂಜಿನ್ನಿನ ಸಹಜ ಧರ್ಮ. ಪೆಟ್ರೋಲ್ ಹಾಕಿಸುವಾಗಲೆಲ್ಲ ಆಯಿಲ್ ಕಣ್ಣೆದುರೇ ಬೀಳುತ್ತಿದ್ದುದರಿಂದ ಲೆಕ್ಕ ತಪ್ಪುವ ಪ್ರಮೇಯ ಕಡಿಮೆ.

ಇಂದಿನ 100 ಸಿಸಿ ಫೋರ್-ಸ್ಟ್ರೋಕ್ ಬೈಕಿನ ಕ್ರ್ಯಾಂಕ್‌ಕೇಸಿನಲ್ಲಿರುವ ಒಟ್ಟು ಆಯಿಲ್ ಸುಮಾರು ಒಂದು ಲೀಟರು. ಪಿಸ್ಟನ್ನು, ಕ್ಲಚ್ಚು, ಗೇರು ಎಲ್ಲಕ್ಕೂ ಅದೇ ಆಧಾರ. ಅದೇ 400 ಮಿ.ಲೀ. ಇಲ್ಲಿ ಸುಟ್ಟುಹೋದರೆ ಐದರಲ್ಲಿ ಎರಡು ಪಾಲು ಖಾಲಿಯಾದಂತೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವತನಕ ಗಾಡಿ ಓಡುತ್ತಲೇ ಇರುತ್ತದೆ. ಕೊರತೆ ಗೊತ್ತಾಗುವ ಹೊತ್ತಿಗೆ ಎಂಜಿನ್ನು ‘ಬೋರ್‌ಗೆ ಬಂದಿರುತ್ತದೆ’, ಅಂದರೆ ಸವೆದ ಸಿಲಿಂಡರನ್ನು ಕೊರೆಸಬೇಕಾಗಿರುತ್ತದೆ.

ಹೊಸ ಎಂಜಿನ್ನು ಆಯಿಲ್ ಸುಡುವುದರ ಮೂಲ ಸಿಲಿಂಡರಿನ ಗೋಡೆಯಲ್ಲಿದೆ. ಹೋನಿಂಗ್ ಮಾಡಿದ ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ನವಿರಾದ ಗೀರುಗಳಿರುತ್ತವೆ. ಗೀರಿನ ತಗ್ಗು ಆಯಿಲನ್ನು ಹಿಡಿದಿಡುತ್ತದೆ. ಏರಿನ ತುದಿಗಳು ಪಿಸ್ಟನ್ ರಿಂಗಿನ ಉಜ್ಜಾಟಕ್ಕೆ ಸವೆದು ಸಮನಾಗಬೇಕು. ರಿಚರ್ಡ್ ಸ್ಟ್ರೈಬೆಕ್ 1902ರಲ್ಲಿ ಬೇರಿಂಗುಗಳ ಮೇಲೆ ತೋರಿಸಿದಂತೆ, ಉಜ್ಜುವ ವೇಗ ತಗ್ಗಿದಾಗ ಆಯಿಲಿನ ಪದರ ತೆಳುವಾಗಿ ಲೋಹ ಲೋಹಕ್ಕೆ ತಾಗುತ್ತದೆ. ಪಿಸ್ಟನ್ನು ಮೇಲಿನ ಕೊನೆ ಮುಟ್ಟಿ ಹಿಂತಿರುಗುವ ಜಾಗದಲ್ಲಿ ಆಗುವುದೂ ಇದೇ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯಲು ಅದರ ಸ್ವಂತ ಬಿಗುವಿನ ಜೊತೆಗೆ ಉರಿಯುವ ಅನಿಲದ ಒತ್ತಡವೂ ಬೇಕು, ಆ ಒತ್ತಡ ಹೊರೆಯಿದ್ದಾಗ ಮಾತ್ರ ಏರುತ್ತದೆ. ಹಾಗಾಗಿ ‘ರನ್ನಿಂಗ್’ ಎಂದು ಕರೆಯುವ ಮೊದಲ ಸಾವಿರ ಕಿ.ಮೀ. ಪೂರ್ತಿ ಒಂದೇ ನಿಧಾನಗತಿಯಲ್ಲಿ ಮೆಲ್ಲಗೆ ಓಡಿಸುವುದರಿಂದ ರಿಂಗು ಸರಿಯಾಗಿ ಕೂರದೆ, ಗೋಡೆ ಗಾಜಿನಂತೆ ನುಣ್ಣಗಾಗುವ ಅಪಾಯವಿದೆ.

ನಮ್ಮ ಹಳ್ಳಿಗಳ ತೊಂದರೆ ಮತ್ತೊಂದು ಬಗೆಯದು. ‘ರನ್ನಿಂಗ್‌ನಲ್ಲಿದೆ, ನಿಧಾನ ಹೋಗಬೇಕು’ ಎಂದು ಕ್ಯಾನು ಕಟ್ಟಿದ ಬೈಕನ್ನು ಟಾಪ್ ಗೇರಿನಲ್ಲೇ ಏರು ಹತ್ತಿಸುತ್ತಾರೆ. ವೇಗ ಕಡಿಮೆ ಇದ್ದರೂ ಎಂಜಿನ್ನು ಏದುಸಿರು ಬಿಡುತ್ತಿರುತ್ತದೆ: ಆಯಿಲ್ ಪಂಪು ನಿಧಾನ, ಶಾಖ ಹೆಚ್ಚು, ತಂಪುಮಾಡುವ ಗಾಳಿ ಕಡಿಮೆ. ಗೇರು ಇಳಿಸಿ ಎಂಜಿನ್ನನ್ನು ಹಗುರವಾಗಿ ತಿರುಗಲು ಬಿಡುವುದು, ವೇಗವನ್ನು ಏರಿಳಿಸುವುದು, ಮೊದಲ ಕೆಲವು ನೂರು ಕಿ.ಮೀ. ಭಾರಿ ಹೊರೆ ತಪ್ಪಿಸುವುದು ಇದಕ್ಕೆ ಪರಿಹಾರ. ಸೊಪ್ಪಿನ ಹೊರೆಯನ್ನು ಎರಡು ಸಲಕ್ಕೆ ಹಂಚಬಹುದು.

ಮೊದಲ ಆಯಿಲ್ ಚೇಂಜನ್ನು ಮುಂದೂಡಲೇಬಾರದು. ಸವೆದ ಲೋಹದ ಪುಡಿ ಅದರಲ್ಲೇ ತೇಲುತ್ತಿರುತ್ತದೆ. ಹಲವು 100 ಸಿಸಿ ಬೈಕುಗಳಲ್ಲಿ ಕಾಗದದ ಫಿಲ್ಟರೂ ಇಲ್ಲ, ಜಾಲರಿ ಮತ್ತು ತಿರುಗುವ ಫಿಲ್ಟರ್ ಅಷ್ಟೆ. ಕಾರಿನ ಆಯಿಲ್ ಹಾಕುವುದೂ ಸಲ್ಲ: ಅದರಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿದ್ದರೆ ಕ್ಲಚ್ಚು ಜಾರುತ್ತದೆ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಗುರುತು ನೋಡಿಕೊಳ್ಳುವುದು ಅದಕ್ಕೇ.

ಆಯಿಲ್ ಮಟ್ಟ ಅಳೆಯುವ ಕ್ರಮವೂ ಮುಖ್ಯ. ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಎರಡು ಮೂರು ನಿಮಿಷ ಕಾಯಬೇಕು. ಡಿಪ್‌ಸ್ಟಿಕ್ ಒರೆಸಿ, ಹಲವು ಮಾದರಿಗಳಲ್ಲಿ ತಿರುಪು ಬಿಗಿಸದೆ ಬರಿದೇ ಇಳಿಬಿಟ್ಟು ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಂತ ಗಾಡಿ ತಪ್ಪು ಮಟ್ಟ ತೋರಿಸುತ್ತದೆ. ಹೊಗೆಯನ್ನಷ್ಟೇ ನೋಡಿ ನಿರ್ಧರಿಸುವ ಗ್ಯಾರೇಜಿನ ಹಳೆಯ ಪದ್ಧತಿ ಇಲ್ಲಿ ಸಾಲದು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮದ ಗಾಡಿಗಳ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಪಸ್ವಲ್ಪ ನೀಲಿ ಹೊಗೆಯನ್ನು ಮರೆಮಾಚಬಲ್ಲದು.

ಪ್ರತಿ 500 ಕಿ.ಮೀ.ಗೆ ಮಟ್ಟ ನೋಡಿ, ಎಷ್ಟು ಆಯಿಲ್ ಸೇರಿಸಬೇಕಾಯಿತೆಂದು ಬರೆದಿಟ್ಟರೆ ಉತ್ತರ ಸಿಗುತ್ತದೆ. ಪ್ರಮಾಣ ಸಲದಿಂದ ಸಲಕ್ಕೆ ಇಳಿಯುತ್ತಿದ್ದರೆ ರಿಂಗು ಕೂರುತ್ತಿದೆ. ಇಳಿಯದೆ ಹಾಗೇ ನಿಂತು, ಆಕ್ಸಿಲರೇಟರ್ ಕೊಟ್ಟಷ್ಟೂ ನೀಲಿ ಹೊಗೆ ಹೆಚ್ಚಿದರೆ ಮೊದಲ ಸಂಶಯ ರಿಂಗಿನ ಮೇಲೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಮಾತ್ರ ಬುಸ್ಸೆಂದರೆ ವಾಲ್ವ್ ಸೀಲಿನ ಮೇಲೆ. ಸೀಲು ಅಗ್ಗದ ರಿಪೇರಿ. ಬೋರ್ ಮಾಡಿಸಲು ಒಪ್ಪುವ ಮುನ್ನ ಅದನ್ನು ಪರೀಕ್ಷಿಸುವಂತೆ ಮೆಕ್ಯಾನಿಕ್ಕನ್ನು ಕೇಳುವ ಹಕ್ಕು ಪ್ರತಿ ಮಾಲೀಕನಿಗೂ ಇದೆ, ಬರೆದಿಟ್ಟ ಲೆಕ್ಕ ಆಗ ಕೈಯಲ್ಲಿರಬೇಕು.