ಮಸಿಯ ಬಣ್ಣವೂ ಒಂದು ಅಮಾನತ್: ಮುಸ್‌ಹಫ್‌ನಲ್ಲಿ ವರ್ಣಸಂಕೇತ ಬೆಳೆದು ಬಂದ ದಾರಿ

ಕಬಕ, ಪುತ್ತೂರು, ವಿಟ್ಲ ಪರಿಸರದ ಅನೇಕ ಮನೆಗಳಲ್ಲಿ ಇಂದು ಬಣ್ಣದ ತಜ್‌ವೀದ್ ಮುಸ್‌ಹಫ್ ಕಾಣಸಿಗುತ್ತದೆ. ಕೆಂಪು ಅಕ್ಷರ ಬಂದಲ್ಲಿ ಸ್ವರವನ್ನು ಎಳೆಯಬೇಕು, ಹಸಿರು ಬಂದಲ್ಲಿ ಮೂಗಿನಿಂದ ಗುನ್ನಃ ಹೊರಡಬೇಕು ಎಂದು ಮದ್ರಸದ ಮಕ್ಕಳು ಸರಾಗವಾಗಿ ಹೇಳುತ್ತಾರೆ. ಆದರೆ ಒಂದು ಪ್ರಕಾಶನದ ಪ್ರತಿಯಲ್ಲಿ ಕೆಂಪು ಯಾವ ನಿಯಮವನ್ನು ಸೂಚಿಸುತ್ತದೆಯೋ ಇನ್ನೊಂದರಲ್ಲಿ ಅದೇ ಬಣ್ಣ ಬೇರೆ ನಿಯಮಕ್ಕೆ ಮೀಸಲಾಗಿರುವುದುಂಟು. ಅಣ್ಣನ ಮುಸ್‌ಹಫ್‌ನಲ್ಲಿ ಕಲಿತ ಮಗು ತಂಗಿಯ ಮುಸ್‌ಹಫ್ ತೆರೆದಾಗ ತಡವರಿಸುತ್ತದೆ. ಇದನ್ನು ಕಂಡ ಮನೆಯ ಹಿರಿಯರು, 'ಅಲ್ಲಾಹನ ಗ್ರಂಥಕ್ಕೆ ಈ ಬಣ್ಣಗಳು ಎಲ್ಲಿಂದ ಬಂದವು? ನಮ್ಮ ಕಾಲದಲ್ಲಿ ಇರಲಿಲ್ಲವಲ್ಲ!' ಎಂದು ಕೇಳುವುದು ಸಹಜ. ಪ್ರಶ್ನೆ ಸರಿಯಾದದ್ದೇ. ಉತ್ತರ ಮಾತ್ರ ಹಲವರು ಎಣಿಸಿದ್ದಕ್ಕಿಂತ ಹಳೆಯದು.

ಖಲೀಫಾ ಉಸ್ಮಾನ್(ರ) ಅವರ ಕಾಲದಲ್ಲಿ ಪ್ರತಿ ಮಾಡಿಸಿ ಪ್ರಮುಖ ನಗರಗಳಿಗೆ ಕಳುಹಿಸಲಾದ ಮುಸ್‌ಹಫ್‌ಗಳಲ್ಲಿ ಇಂದಿನಂತೆ ಫತಹ್, ಕಸ್ರ್, ಳಮ್ಮ್ ಚಿಹ್ನೆಗಳಿರಲಿಲ್ಲ. ಬರಹವೆಂದರೆ ಅಕ್ಷರಗಳ ಆಕಾರ ಮಾತ್ರ. ಅರಬಿಯನ್ನು ತಾಯಿನುಡಿಯಾಗಿ ಉಳ್ಳವರಿಗೆ, ಅದಕ್ಕಿಂತ ಮುಖ್ಯವಾಗಿ ಗುರುಮುಖದಿಂದ ಕೇಳಿ ಕಂಠಪಾಠ ಮಾಡಿದವರಿಗೆ, ಅಷ್ಟೇ ಸಾಕಾಗಿತ್ತು. ಇಸ್ಲಾಮ್ ಇರಾಕ್, ಪರ್ಷಿಯಾಗಳಿಗೆ ವ್ಯಾಪಿಸಿ ಅನ್ಯಭಾಷಿಕರು ಓದತೊಡಗಿದಾಗ ಸ್ವರಗಳು ತಪ್ಪತೊಡಗಿದವು. ಸೂರಃ ತೌಬಾದ ಮೂರನೆಯ ಆಯತ್‌ನಲ್ಲಿ ಒಬ್ಬಾತ ಒಂದೇ ಒಂದು ಸ್ವರ ಬದಲಿಸಿ ಓದಿದ್ದರಿಂದ, ಅಲ್ಲಾಹನು ತನ್ನ ರಸೂಲರಿಂದಲೇ ಹೊಣೆ ಕಳಚಿಕೊಂಡಂತೆ ವಿಪರೀತ ಅರ್ಥ ಬಂದಿತೆಂದೂ, ಬಸರಾದ ವಿದ್ವಾಂಸ ಅಬುಲ್ ಅಸ್ವದ್ ಅದ್ದುಅಲೀ(ರಹಿ) ಅದನ್ನು ಕೇಳಿ ನಡುಗಿಹೋದರೆಂದೂ ಚರಿತ್ರೆಯ ಗ್ರಂಥಗಳು ಹೇಳುತ್ತವೆ.

ಹಿಜ್‌ರಿ 69ರಲ್ಲಿ ನಿಧನರಾದ ಈ ಮಹನೀಯರು ಆರಿಸಿಕೊಂಡ ಉಪಾಯ ಬಹಳ ಸರಳ. ಒಬ್ಬ ಲಿಪಿಕಾರನನ್ನು ಎದುರಿಗೆ ಕೂರಿಸಿ, ಮೂಲ ಬರಹದ ಬಣ್ಣಕ್ಕಿಂತ ಭಿನ್ನವಾದ ಮಸಿಯನ್ನು ಅವನ ಕೈಗೆ ಕೊಟ್ಟರು. ತಾವು ಓದುವಾಗ ತುಟಿ ತೆರೆದರೆ ಅಕ್ಷರದ ಮೇಲೆ ಒಂದು ಚುಕ್ಕೆ, ತುಟಿ ಕೆಳಸರಿದರೆ ಕೆಳಗೆ ಒಂದು ಚುಕ್ಕೆ, ತುಟಿ ದುಂಡಗಾದರೆ ಅಕ್ಷರದ ಮುಂದೆ ಒಂದು ಚುಕ್ಕೆ, ತನ್‌ವೀನ್ ಇದ್ದಲ್ಲಿ ಎರಡು ಚುಕ್ಕೆ ಇಡಬೇಕೆಂದು ವಿಧಿಸಿದರು. ಚುಕ್ಕೆಯ ಸ್ಥಾನ ಸ್ವರವನ್ನು ತಿಳಿಸಿತು. ಚುಕ್ಕೆಯ ಬಣ್ಣ ಇನ್ನೊಂದು ಸಂಗತಿಯನ್ನು ಸಾರಿತು: ಇದು ಓದುಗನ ನೆರವಿಗಾಗಿ ಇಟ್ಟದ್ದು, ಮೂಲ ಬರಹದ ಭಾಗವಲ್ಲ. ಮುಸ್‌ಹಫ್‌ನಲ್ಲಿ ಬಣ್ಣ ಮೊದಲು ಕಾಲಿಟ್ಟದ್ದು ಅಲಂಕಾರಕ್ಕಾಗಿ ಅಲ್ಲ, ಅಲ್ಲಾಹನ ವಚನವನ್ನೂ ಮನುಷ್ಯನ ಸಹಾಯವನ್ನೂ ಬೇರ್ಪಡಿಸಿ ತೋರಿಸುವುದಕ್ಕಾಗಿ.

ಮುಂದಿನ ತಲೆಮಾರಿನಲ್ಲಿ, ಹಜ್ಜಾಜ್ ಇರಾಕಿನ ಗವರ್ನರನಾಗಿದ್ದಾಗ, ನಸ್‌ರ್ ಬಿನ್ ಆಸಿಮ್ ಮತ್ತು ಯಹ್ಯಾ ಬಿನ್ ಯಅ್‌ಮರ್(ರಹಿ) 'ಬಾ', 'ತಾ', 'ಸಾ'ಗಳಂಥ ಒಂದೇ ಆಕಾರದ ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕೆಗಳನ್ನು ವ್ಯವಸ್ಥೆಗೊಳಿಸಿದರೆಂದು ಪ್ರಸಿದ್ಧವಾಗಿದೆ. ಈ ಚುಕ್ಕೆಗಳು ಅಕ್ಷರದ ಅಂಗವೇ ಆದ್ದರಿಂದ ಅವನ್ನು ಅಕ್ಷರದ ಮಸಿಯಲ್ಲೇ ಬರೆದರು. ಹೀಗೆ ಒಂದೇ ಪುಟದಲ್ಲಿ ಎರಡು ಬಗೆಯ ಚುಕ್ಕೆಗಳು ಉಳಿದವು. ಅವು ಪರಸ್ಪರ ಬೆರೆಯದಂತೆ ಕಾದದ್ದು ಬಣ್ಣ.

ಆದರೆ ಬಣ್ಣವನ್ನೇ ನೆಚ್ಚಿದ ಪದ್ಧತಿಗೆ ತೊಡಕೂ ಇತ್ತು. ಎರಡು ಮಸಿಕುಡಿಕೆ ಬೇಕು, ಲೇಖನಿಯನ್ನು ಮತ್ತೆ ಮತ್ತೆ ಬದಲಿಸಬೇಕು, ಮಂದ ಬೆಳಕಿನಲ್ಲಿ ಚುಕ್ಕೆ ಗುರುತಿಸಲು ಕಣ್ಣಿಗೆ ಶ್ರಮ. ಹಿಜ್‌ರಿ ಎರಡನೆಯ ಶತಮಾನದಲ್ಲಿ ಬಸರಾದ ವ್ಯಾಕರಣಪಂಡಿತ ಖಲೀಲ್ ಬಿನ್ ಅಹ್ಮದ್(ರಹಿ) ಚುಕ್ಕೆಗಳ ಬದಲು ಆಕಾರಗಳನ್ನು ತಂದರು. ಫತಹ್‌ಗೆ ಓರೆಯಾಗಿಸಿದ ಪುಟ್ಟ ಅಲಿಫ್, ಳಮ್ಮ್‌ಗೆ ಪುಟ್ಟ ವಾವ್. ಇಂದು ನಾವು ಓದುತ್ತಿರುವುದು ಈ ಚಿಹ್ನೆಗಳನ್ನೇ. ಇವುಗಳಿಗೆ ಒಂದೇ ಮಸಿ ಸಾಕು.

ಹಾಗೆಂದು ಬಣ್ಣ ಒಮ್ಮೆಲೇ ಮರೆಯಾಗಲಿಲ್ಲ. ಅಂದಲೂಸಿನ ಮಹಾವಿದ್ವಾಂಸ ಅಬೂ ಅಮ್ರ್ ಅದ್ದಾನೀ(ರಹಿ, ನಿಧನ ಹಿ. 444) ಈ ವಿಷಯಕ್ಕಾಗಿಯೇ 'ಅಲ್ ಮುಹ್‌ಕಮ್' ಎಂಬ ಗ್ರಂಥವನ್ನು ರಚಿಸಿದರು. ಮದೀನಾದವರು ಸ್ವರಚಿಹ್ನೆಗಳಿಗೆ ಕೆಂಪು, ಹಂಝಕ್ಕೆ ಹಳದಿ ಬಳಸುತ್ತಿದ್ದರೆಂದೂ, ಇರಾಕಿನವರು ಎರಡಕ್ಕೂ ಕೆಂಪನ್ನೇ ಬಳಸುತ್ತಿದ್ದರೆಂದೂ ಅವರು ದಾಖಲಿಸಿದ್ದಾರೆ. ಚುಕ್ಕೆಗಳನ್ನು ಕಪ್ಪು ಮಸಿಯಲ್ಲಿ ಇಡುವುದನ್ನು ಅವರು ಒಪ್ಪಲಿಲ್ಲ, ಏಕೆಂದರೆ ಅದರಿಂದ ಮೂಲ ಬರಹದ ರೂಪ ಕೆಡುತ್ತದೆ. ಇಮಾಮ್ ಮಾಲಿಕ್(ರಹಿ) ಅವರಿಂದ ವರದಿಯಾದ ಅಭಿಪ್ರಾಯವೂ ಗಮನಾರ್ಹ: ಮಾದರಿಯಾಗಿ ಇಟ್ಟುಕೊಳ್ಳುವ ದೊಡ್ಡ ಮುಸ್‌ಹಫ್‌ಗಳಲ್ಲಿ ಚುಕ್ಕೆ ಬೇಡ, ಮಕ್ಕಳು ಕಲಿಯುವ ಸಣ್ಣ ಪ್ರತಿಗಳಲ್ಲಿ ಅಡ್ಡಿಯಿಲ್ಲ. ಕಲಿಕೆಯ ಅಗತ್ಯವನ್ನೂ ಗ್ರಂಥದ ಪಾವಿತ್ರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ವಿವೇಕವಿದು.

ಬಣ್ಣ ಎಲ್ಲೆಡೆ ಒಂದೇ ರೀತಿ ಬರಬೇಕಾದರೆ ಅದಕ್ಕೊಂದು ಅಳತೆ ಬೇಕು. ಉತ್ತರ ಆಫ್ರಿಕಾದ ದೊರೆ ಮುಇಝ್ಝ್ ಬಿನ್ ಬಾದೀಸ್‌ನ ಹೆಸರಿನಲ್ಲಿ ಪ್ರಸಿದ್ಧವಾದ, ಕ್ರಿ.ಶ. 11ನೆಯ ಶತಮಾನದ 'ಉಮ್‌ದತುಲ್ ಕುತ್ತಾಬ್' ಎಂಬ ಕೃತಿ ಲೇಖನಿ, ಕಾಗದ, ಪುಸ್ತಕ ಕಟ್ಟುವ ಕೆಲಸಗಳೊಂದಿಗೆ ಬಣ್ಣಬಣ್ಣದ ಮಸಿಗಳ ತಯಾರಿಯನ್ನೂ ವಿವರಿಸುತ್ತದೆ. ಯಾವುದಕ್ಕೆ ಯಾವುದನ್ನು ಬೆರೆಸಿದರೆ ಯಾವ ಬಣ್ಣ ಹುಟ್ಟುತ್ತದೆ ಎಂಬ ವಿಧಿ ಲಿಪಿಕಾರನ ಕೈಗೆ ಸಿಕ್ಕಿತು. 'ಕೆಂಪು' ಎಂದರೆ ಸಾಲದು, ಯಾವ ಕೆಂಪು ಎಂದು ಹೇಳಬೇಕೆಂಬ ತಿಳಿವಳಿಕೆ ಅಂದೇ ಇತ್ತು.

ಮುದ್ರಣಯುಗ ಬಂದಾಗ ಬಣ್ಣ ಹಿಂದೆ ಸರಿಯಿತು. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಲಕ್ನೋದಲ್ಲಿ 1858ರಲ್ಲಿ ಆರಂಭವಾದ ನವಲ್ ಕಿಶೋರ್ ಮುದ್ರಣಾಲಯವು ಮುಸ್‌ಹಫ್‌ಗಳನ್ನೂ ದೀನೀ ಗ್ರಂಥಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿ ಮನೆಮನೆಗೆ ತಲುಪಿಸಿತು. ಮಲಬಾರಿನ ತಲಶ್ಶೇರಿ, ತಿರೂರಂಗಾಡಿಗಳ ಕಲ್ಲಚ್ಚುಗಳಿಂದ ಅರಬಿ-ಮಲಯಾಳಂ ಕಿತಾಬುಗಳು ಹೊರಬಂದವು. ಈ ವಿಧಾನದಲ್ಲಿ ಪ್ರತಿಯೊಂದು ಬಣ್ಣಕ್ಕೂ ಬೇರೆ ಕಲ್ಲು ಬೇಕು, ಪ್ರತಿ ಹಾಳೆಯೂ ಮತ್ತೊಮ್ಮೆ ಅಚ್ಚಿನಡಿ ಹೋಗಬೇಕು, ಎರಡನೆಯ ಬಣ್ಣ ಕೂದಲೆಳೆಯಷ್ಟೂ ಸರಿಯದೆ ಮೊದಲಿನದರ ಜಾಗಕ್ಕೇ ಬೀಳಬೇಕು. ಬಡವರ ಕೈಗೆಟಕುವ ಬೆಲೆಯಲ್ಲಿ ಅದು ಸಾಧ್ಯವಿರಲಿಲ್ಲ. 1924ರಲ್ಲಿ ಕೈರೋದಲ್ಲಿ ಹೊರಬಂದ ಸುಪ್ರಸಿದ್ಧ ಮುಸ್‌ಹಫ್ ತಜ್‌ವೀದ್‌ನ ಹಲವು ಸೂಕ್ಷ್ಮಗಳನ್ನು ಆಕಾರಗಳಿಂದಲೇ ತೋರಿಸಿತು. ಇಖ್‌ಲಾಬ್ ಇದ್ದಲ್ಲಿ ಪುಟ್ಟ ಮೀಮ್, ಇಝ್‌ಹಾರ್ ಇದ್ದಲ್ಲಿ ನೂನ್ ಮೇಲೆ ಸುಕೂನ್. ಹಿರಿಯರು 'ನಮ್ಮ ಕಾಲದಲ್ಲಿ ಬಣ್ಣವಿರಲಿಲ್ಲ' ಎನ್ನುವುದು ಈ ಕಾಲವನ್ನು ಕುರಿತು. ಅದಕ್ಕಿಂತ ಹಿಂದಿನ ಕಾಲದಲ್ಲಿ ಬಣ್ಣವಿತ್ತು.

1990ರ ದಶಕದಲ್ಲಿ ದಮಾಸ್ಕಸ್‌ನ ದಾರುಲ್ ಮಅ್‌ರಿಫಃ ಪ್ರಕಾಶನವು ತಜ್‌ವೀದ್ ನಿಯಮಗಳಿಗನುಗುಣವಾಗಿ ಅಕ್ಷರಗಳಿಗೆ ಬಣ್ಣ ಕೊಟ್ಟ ಮುಸ್‌ಹಫ್ ಹೊರತಂದಾಗ ಆ ಹಳೆಯ ದಾರಿ ಮತ್ತೆ ತೆರೆಯಿತು. ಅದರಲ್ಲಿ ಮದ್ದ್‌ಗೆ ಕೆಂಪಿನ ವಿವಿಧ ಛಾಯೆಗಳು. ಎಳೆತ ದೀರ್ಘವಾದಷ್ಟೂ ಕೆಂಪು ಗಾಢ. ಗುನ್ನಃಕ್ಕೆ ಹಸಿರು, ಖಲ್‌ಖಲಃಕ್ಕೆ ತಿಳಿನೀಲಿ, ಉಚ್ಚರಿಸದ ಅಕ್ಷರಕ್ಕೆ ಬೂದು. ಬೇರೆ ಪ್ರಕಾಶಕರು ತಮ್ಮದೇ ವರ್ಣಪಟ್ಟಿಗಳನ್ನು ಮಾಡಿಕೊಂಡರು. ಮಕ್ಕಳ ತಡವರಿಕೆಯ ಮೂಲ ಇಲ್ಲಿದೆ. ಮದೀನಾ ಮತ್ತು ಇರಾಕಿನ ನಡುವೆ ಅಂದು ಇದ್ದ ಭೇದದಂಥದ್ದೇ ಇದು.

ಇಂದು ಬಣ್ಣದ ವಿಧಿಯನ್ನು ಬರೆಯುವುದು ಸಂಖ್ಯೆಗಳಲ್ಲಿ. ಕಂಪ್ಯೂಟರ್ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳಿಗೆ ತಲಾ 0ಯಿಂದ 255ರವರೆಗಿನ ಅಂಕೆ. 255, 0, 0 ಎಂದರೆ ಅಚ್ಚ ಕೆಂಪು. ಅಚ್ಚಿನಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳ ಶೇಕಡಾ ಪ್ರಮಾಣ. ಪರದೆಯಲ್ಲಿ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುವುದು ಈ ವ್ಯತ್ಯಾಸದಿಂದ. ಆದ್ದರಿಂದ ಬಲ್ಲ ಅಕ್ಷರಜೋಡಕನು ಕಣ್ಣಂದಾಜಿನಲ್ಲಿ ಬಣ್ಣ ಬಳಿಯುವುದಿಲ್ಲ. ಕಡತದ ಆರಂಭದಲ್ಲೇ ಪ್ರತಿ ಬಣ್ಣಕ್ಕೆ ಹೆಸರಿಟ್ಟು ಅದರ ಅಳತೆಯನ್ನು ಒಮ್ಮೆ ನಿಗದಿಪಡಿಸಿ, ಮುಂದೆಲ್ಲ ಆ ಹೆಸರನ್ನೇ ಬಳಸುತ್ತಾನೆ. ಆ ಹೆಸರು 'ಕೆಂಪು' ಎಂದಿರುವುದಕ್ಕಿಂತ 'ಮದ್ದ್' ಎಂದಿರುವುದು ಮೇಲು. ನಾಳೆ ಛಾಯೆ ಬದಲಿಸಬೇಕಾದರೆ ಒಂದೆಡೆ ತಿದ್ದಿದರೆ ಸಾಕು, ಆರುನೂರು ಪುಟಗಳೂ ಸರಿಯಾಗುತ್ತವೆ. ಒಂದೊಂದು ಅಕ್ಷರಕ್ಕೂ ಕೈಯಿಂದ ಬಣ್ಣ ಕೊಟ್ಟರೆ ಎಲ್ಲೋ ಒಂದು ಗುನ್ನಃ ತಪ್ಪಿಹೋಗುತ್ತದೆ, ಮಗು ತಪ್ಪನ್ನೇ ಕಲಿಯುತ್ತದೆ.

ನಮ್ಮ ಊರುಗಳಲ್ಲಿ ಮದ್ರಸಗಳಿಗಾಗಿ, ರಮಳಾನ್ ತರಗತಿಗಳಿಗಾಗಿ ತಜ್‌ವೀದ್ ಕಿರುಹೊತ್ತಗೆ ಅಚ್ಚು ಹಾಕಿಸುವವರು ಕೆಲವು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು. ಮಕ್ಕಳ ಕೈಯಲ್ಲಿರುವ ಮುಸ್‌ಹಫ್‌ನ ವರ್ಣಪಟ್ಟಿಯನ್ನೇ ಹೊತ್ತಗೆಯಲ್ಲೂ ಅನುಸರಿಸಿ, ಮೊದಲ ಪುಟದಲ್ಲೇ ವಿವರಿಸಬೇಕು. ಮೂಲ ಬರಹ ಶುದ್ಧ ಕಪ್ಪು ಮಸಿಯೊಂದರಲ್ಲೇ ಇರಬೇಕು, ನಾಲ್ಕು ಮಸಿ ಬೆರೆಸಿದ ಕಪ್ಪಿನಲ್ಲಿ ಒಂದು ತುಸು ಸರಿದರೂ ಪುಟ್ಟ ಚಿಹ್ನೆಗಳ ಅಂಚು ಮಸುಕಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಪದದ ನಡುವಿನ ಒಂದು ಅರಬಿ ಅಕ್ಷರಕ್ಕೆ ಬಣ್ಣ ಕೊಟ್ಟರೆ ಅಕ್ಷರಗಳ ಕೂಡುಗೆಯೇ ಕಡಿದುಹೋಗುತ್ತದೆ. ಅಚ್ಚಿಗೆ ಕಳುಹಿಸುವ ಮುನ್ನ ಹಾಫಿಳ್ ಒಬ್ಬರು ಕರಡನ್ನು ಸಾಲು ಸಾಲಾಗಿ ನೋಡಲೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹುಟ್ಟಿನಿಂದಲೇ ಕೆಂಪು-ಹಸಿರುಗಳ ಭೇದ ಕಾಣದ ಮಕ್ಕಳಿದ್ದಾರೆ, ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು. 'ಬಣ್ಣ ಕಾಣುವುದಿಲ್ಲವೇ?' ಎಂದು ಉಸ್ತಾದರು ಗದರಿದರೆ ಆ ಮಗು ನಿಜವಾಗಿಯೂ ಕಾಣುವುದಿಲ್ಲವೆಂದು ಹೇಳಲಾರದೆ ತಲೆತಗ್ಗಿಸುತ್ತದೆ. ಕ್ರಮೇಣ ಓದಿನಿಂದಲೇ ದೂರ ಸರಿಯಬಹುದು. ಬಣ್ಣದ ಪುಟವನ್ನು ಕಪ್ಪು-ಬಿಳುಪಿನ ಜೆರಾಕ್ಸ್ ಮಾಡಿ ಹಂಚಿದಾಗ ಇಡೀ ತರಗತಿಗೆ ಇದೇ ಸ್ಥಿತಿ. ಆದ್ದರಿಂದ ಬಣ್ಣದ ಜೊತೆಗೆ ಒಂದು ಗೆರೆಯೋ ಅಂಕೆಯೋ ಇರಲಿ. ಅಬುಲ್ ಅಸ್ವದರ ಬಣ್ಣವೂ ಬೇಕು, ಖಲೀಲರ ಆಕಾರವೂ ಬೇಕು.

ಪ್ರಿಯ ಓದುಗರೇ, ಈ ಸುದೀರ್ಘ ಚರಿತ್ರೆಯಲ್ಲಿ ಚುಕ್ಕೆ ಬದಲಾಯಿತು, ಮಸಿ ಬದಲಾಯಿತು, ಕಲ್ಲು ಹೋಗಿ ಕಂಪ್ಯೂಟರ್ ಬಂದಿತು. ಬದಲಾಗದೆ ಉಳಿದದ್ದು ಮೂಲ ಬರಹ ಮತ್ತು ಗುರುವಿನ ತುಟಿಯನ್ನು ನೋಡಿ, ಅವರ ದನಿಯನ್ನು ಕೇಳಿ ಕಲಿಯುವ ಪರಂಪರೆ. ಮಕ್ಕಳಿಗೆ ಬಣ್ಣದ ಮುಸ್‌ಹಫ್ ತಂದುಕೊಡಿ, ಒಂದೇ ಮನೆಯಲ್ಲಿ ಒಂದೇ ವರ್ಣಪಟ್ಟಿಯದನ್ನು ತನ್ನಿ. ಆಮೇಲೆ ಅದನ್ನು ಹಿಡಿಸಿ ಉಸ್ತಾದರ ಮುಂದೆ ಕೂರಿಸಿ. ಅಬುಲ್ ಅಸ್ವದ್(ರಹಿ) ಲಿಪಿಕಾರನಿಗೆ ನೋಡು ಎಂದದ್ದು ತಮ್ಮ ತುಟಿಯನ್ನೇ. ಅಲ್ಲಾಹನು ನಮ್ಮೆಲ್ಲರ ಓದನ್ನು ಶುದ್ಧಗೊಳಿಸಲಿ, ಆಮೀನ್.