ಬೀಜದ ತಾಯಿಗಿಡ: ಕಲ್ಲಿದ್ದಲ ಯುಗದ ಒಂದು ಸಸ್ಯದ ಗುರುತು

ನೆಲದ ಮೇಲೆ ಬಾಳುವ ಸಸ್ಯಗಳನ್ನು ರೇಣುವಿನಿಂದ ಹರಡುವವು, ಬೀಜದಿಂದ ಹರಡುವವು ಎಂದು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಜರೀಗಿಡವು ಮೊದಲನೆಯ ಬಗೆಗೆ ಸೇರಿದುದು. ಅದರ ಎಲೆಯ ಬೆನ್ನಿನಿಂದ ಉದುರಿದ ಧೂಳಿನಂತಹ ರೇಣು ಒದ್ದೆನೆಲದಲ್ಲಿ ಮೊಳೆತು, ಉಗುರಿನಗಲದ ಹಸಿರು ಹಾಳೆಯಾಗಿ ಬೆಳೆಯುವುದು. ಗಂಡುಕಣವು ನೀರಿನಲ್ಲಿ ಈಜಿ ಹೆಣ್ಣುಕಣವನ್ನು ಸೇರುವುದು ಆ ಹಾಳೆಯಲ್ಲಿಯೇ. ಬೀಜವುಳ್ಳ ಗಿಡದಲ್ಲಿ ಈ ಕಾರ್ಯಕ್ಕೆ ಬೇರೆ ಏರ್ಪಾಡು ಉಂಟು. ಹೆಣ್ಣುರೇಣು ತನ್ನ ಕೋಶವನ್ನು ಬಿಟ್ಟು ಹೊರಡದೆ ಅಲ್ಲಿಯೇ ಉಳಿಯುವುದು. ಕೋಶದ ಸುತ್ತ ಒಂದು ಕವಚ ಬೆಳೆಯುವುದು. ಪರಾಗವೇ ಅದರೆಡೆಗೆ ಬರುವುದು. ಒದ್ದೆನೆಲದ ಹಂಗು ಹೀಗೆ ತಪ್ಪಿದುದರಿಂದ ಒಣಭೂಮಿಯಲ್ಲಿಯೂ ಅಡವಿ ಹಬ್ಬುವುದಕ್ಕೆ ದಾರಿಯಾಯಿತು. ಈ ಎರಡು ಬಗೆಗಳ ನಡುವಣ ಕೊಂಡಿ ಯಾವುದೆಂಬುದು ಹಿಂದಿನ ಶತಮಾನಗಳ ಸಸ್ಯಶಾಸ್ತ್ರಜ್ಞರನ್ನು ಬಹುಕಾಲ ಕಾಡಿದ ಪ್ರಶ್ನೆ. ಅದಕ್ಕೆ ೧೯೦೩ರಲ್ಲಿ ದೊರೆತ ಒಂದು ಉತ್ತರವನ್ನೂ, ಆ ಉತ್ತರಕ್ಕೆ ಆಧಾರವಾದ ಪ್ರಮಾಣದ ಬಲಾಬಲವನ್ನೂ ಇಲ್ಲಿ ಪರಿಶೀಲಿಸುವೆವು.

ಮೊದಲು ಈ ಶೋಧನೆಯಲ್ಲಿರುವ ತೊಡಕನ್ನು ತಿಳಿಯಬೇಕು. ಗಿಡವು ಬೇರಿನಿಂದ ತುದಿಯವರೆಗೆ ಇಡಿಯಾಗಿ ಕಲ್ಲಾಗುವುದು ಅತಿ ವಿರಳ. ಎಲೆ ಒಂದೆಡೆ, ಕಾಂಡ ಒಂದೆಡೆ, ಬೀಜ ಮತ್ತೊಂದೆಡೆ ದೊರೆಯುವುದರಿಂದ ವಿದ್ವಾಂಸರು ಪ್ರತಿಯೊಂದು ಅವಶೇಷಕ್ಕೂ ಬೇರೆ ಬೇರೆ ಹೆಸರಿಡಬೇಕಾಯಿತು. ಕಟ್ಟು ಬಿಚ್ಚಿ ಚೆದರಿದ ಓಲೆಗರಿಗಳಲ್ಲಿ ಯಾವುದು ಯಾವ ಕಾವ್ಯಕ್ಕೆ ಸೇರಿದುದೆಂದು ತಿಳಿಯದ ಸಂಪಾದಕನ ಪಾಡೇ ಇವರ ಪಾಡು. ಫ್ರಾನ್ಸಿನ ಅಡಾಲ್ಫ್ ಬ್ರಾಂನ್ಯಾರರು ೧೮೨೮ರಿಂದ ಪ್ರಕಟಿಸತೊಡಗಿದ ಗ್ರಂಥದಲ್ಲಿ ಕಲ್ಲಿದ್ದಲ ಯುಗದ ಎಲೆಗಳನ್ನು ಆಕಾರ ಮತ್ತು ನರಗಳ ಹೊಂದಾಣಿಕೆಯಿಂದ ವಿಂಗಡಿಸಿದರು. ಆ ಎಲೆಗಳಲ್ಲಿ ಬಹುಭಾಗ ಜರೀಗಿಡದ ಎಲೆಗಳನ್ನೇ ಹೋಲುತ್ತಿದ್ದುದರಿಂದ ಆ ಕಾಲಕ್ಕೆ ಜರೀಗಿಡಗಳ ಯುಗವೆಂಬ ಹೆಸರೂ ರೂಢಿಗೆ ಬಂದಿತು. ಆದರೆ ಇವುಗಳಲ್ಲಿ ಅನೇಕ ಜಾತಿಗಳ ಎಲೆಯ ಬೆನ್ನಿನಲ್ಲಿ ರೇಣುಕೋಶಗಳು ಎಂದೂ ಕಂಡುಬಂದಿಲ್ಲವೆಂಬುದನ್ನು ಆಸ್ಟ್ರಿಯದ ಡಿಯೋನಿಸ್ ಸ್ಟೂರರು ೧೮೮೩ರಲ್ಲಿ ಎತ್ತಿತೋರಿಸಿ, ಅವು ಜರೀಗಿಡಗಳಲ್ಲವೆಂದು ವಾದಿಸಿದರು. ಇಲ್ಲದಿರುವಿಕೆಯ ಆಧಾರದಿಂದ ಹುಟ್ಟಿದ ಈ ಸಂಶಯಕ್ಕೆ ಆಗ ಹೆಚ್ಚಿನ ಮನ್ನಣೆ ದೊರೆಯಲಿಲ್ಲ.

ಇಂಗ್ಲೆಂಡಿನ ಲಂಕಾಷೈರ್ ಮತ್ತು ಯಾರ್ಕ್‌ಷೈರ್ ಪ್ರಾಂತಗಳ ಕಲ್ಲಿದ್ದಲ ಪದರಗಳಲ್ಲಿ ಸುಣ್ಣಾಂಶದಿಂದ ಗಟ್ಟಿಯಾದ ಉಂಡೆಗಳು ದೊರೆಯುತ್ತವೆ. ಮೂವತ್ತೊಂದು ಕೋಟಿ ವರ್ಷಗಳಿಗೂ ಹಿಂದಿನ ಸಸ್ಯಗಳ ಜೀವಕೋಶಗಳ ಗೋಡೆಗಳು ಕೂಡ ಅವುಗಳೊಳಗೆ ಕೆಡದೆ ಉಳಿದಿರುವುವು. ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ಕ್ರಾಫರ್ಡ್ ವಿಲಿಯಂಸನ್ನರು (೧೮೧೬–೧೮೯೫) ಇಂತಹ ಉಂಡೆಗಳನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳುವಾಗಿ ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ವರ್ಣಿಸಿದರು. ಲಿಜಿನೋಡೆಂಡ್ರಾನ್ ಎಂಬ ಕಾಂಡವು ಅವರ ಗಮನಕ್ಕೆ ಬಂದವುಗಳಲ್ಲೊಂದು. ರೇಕಿಯಾಪ್ಟೆರಿಸ್ ಎಂದು ಹೆಸರಿಸಿದ್ದ ತೊಟ್ಟು ಅದೇ ಗಿಡದ್ದೆಂದು ಮುಂದೆ ತಿಳಿಯಿತು. ಕೆಲಾಕ್ಸಿಲಾನ್ ಎಂಬುದು ಅದರ ಬೇರೆಂದು ೧೮೯೫ರಲ್ಲಿ ವಿಲಿಯಂಸನ್ನರೂ ಕ್ಯೂ ಉದ್ಯಾನದ ಪ್ರಯೋಗಶಾಲೆಯ ಡ್ಯೂಕಿನ್‌ಫೀಲ್ಡ್ ಹೆನ್ರಿ ಸ್ಕಾಟರೂ ಕೂಡಿ ತೋರಿಸಿದರು. ಸ್ಫೀನಾಪ್ಟೆರಿಸ್ ಎಂಬ ಎಲೆಯೂ ಇದರದೇ ಎಂದಾಯಿತು. ಹೀಗೆ ನಾಲ್ಕು ಹೆಸರುಗಳು ಒಂದು ಗಿಡದಲ್ಲಿ ಕೂಡಿದುವು. ಈ ಗಿಡದ ಎಲೆ ಜರೀಗಿಡದಂತೆ. ಮರವು ವರ್ಷವರ್ಷಕ್ಕೆ ದಪ್ಪವಾಗುವ ಬೀಜಸಸ್ಯದಂತೆ. ಈ ಬಗೆಯ ಗಿಡಗಳಿಗೆ ಹೆನ್ರಿ ಪೊಟೊನಿಯೆ ಎಂಬ ಜರ್ಮನ್ ವಿದ್ವಾಂಸರು ೧೮೯೯ರಲ್ಲಿ ಜರೀಗಿಡ ಮತ್ತು ಸೈಕಸ್‌ಗಳ ನಡುವಣವು ಎಂಬರ್ಥ ಬರುವ ಹೆಸರಿಟ್ಟರು. ಆದರೆ ಅದು ಬಿಡುತ್ತಿದ್ದುದು ರೇಣುವನ್ನೋ ಬೀಜವನ್ನೋ ಎಂಬುದು ತಿಳಿಯದೆಯೇ ಉಳಿಯಿತು.

ಅದೇ ಉಂಡೆಗಳಲ್ಲಿ ಐದಾರು ಮಿಲಿಮೀಟರ್ ಉದ್ದದ ಬೀಜಗಳೂ ಬಿಡಿಬಿಡಿಯಾಗಿ ಸಿಕ್ಕುತ್ತಿದ್ದುವು. ಅವುಗಳಲ್ಲಿ ಒಂದಕ್ಕೆ, ಶಿಲೆಯ ತೆಳುಛೇದಗಳನ್ನು ಸಿದ್ಧಪಡಿಸುವುದರಲ್ಲಿ ನಿಪುಣರಾಗಿದ್ದ ಜೇಮ್ಸ್ ಲೋಮ್ಯಾಕ್ಸರ ನೆನಪಿಗಾಗಿ, ಲ್ಯಾಜಿನೋಸ್ಟೋಮ ಲೋಮ್ಯಾಕ್ಸಿ ಎಂಬ ಹೆಸರು ಬಂದಿತು. ಇದರ ಸುತ್ತ ಸೀಳುಸೀಳಾದ ಬಟ್ಟಲಿನಂತಹ ಹೊದಿಕೆಯೊಂದು ಇರುವುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫ್ರಾನ್ಸಿಸ್ ವಾಲ್ ಆಲಿವರರು ಆ ಹೊದಿಕೆಯನ್ನು ಪರೀಕ್ಷಿಸುವಾಗ, ಅದರ ಹೊರಮೈಯಲ್ಲಿ ತೊಟ್ಟಿನ ಮೇಲೆ ದುಂಡುತಲೆಯಿಟ್ಟಂತಿದ್ದ ಸಣ್ಣ ಗ್ರಂಥಿಗಳನ್ನು ಕಂಡರು. ಲಿಜಿನೋಡೆಂಡ್ರಾನಿನ ಕಾಂಡದ ಮೇಲೂ ಎಲೆಯ ಮೇಲೂ ಇರುವ ಗ್ರಂಥಿಗಳು ಇವೇ. ಆಕಾರದಲ್ಲಿಯೂ ಒಳರಚನೆಯಲ್ಲಿಯೂ ಭೇದವಿರಲಿಲ್ಲ. ಆಲಿವರರೂ ಸ್ಕಾಟರೂ ೧೯೦೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ಇದು ಲಿಜಿನೋಡೆಂಡ್ರಾನಿನ ಬೀಜವೆಂದು ನಿರೂಪಿಸಿದರು.

ಇಲ್ಲಿ ಪ್ರಮಾಣದ ಸ್ವರೂಪವನ್ನು ವಿಚಾರಮಾಡಬೇಕು. ಬೀಜವು ಗಿಡಕ್ಕೆ ಅಂಟಿಕೊಂಡಿದ್ದುದನ್ನು ಅವರು ಕಂಡಿರಲಿಲ್ಲ. ವಚನದ ಕೊನೆಯ ಅಂಕಿತವನ್ನು ನೋಡಿ ಕರ್ತೃವನ್ನು ನಿಶ್ಚಯಿಸುವಂತೆ, ಗ್ರಂಥಿಯೆಂಬ ಅಂಕಿತದಿಂದ ತಾಯಿಗಿಡವನ್ನು ನಿಶ್ಚಯಿಸಿದರು. ಆದರೆ ಬರಿಯ ಅಂಕಿತವನ್ನು ನಂಬುವುದು ಕ್ಷೇಮವಲ್ಲವೆಂದು ಸಾಹಿತ್ಯಸಂಶೋಧಕರು ಬಲ್ಲರು. ಒಂದೇ ಅಂಕಿತವನ್ನು ಇಬ್ಬರು ಬಳಸಿರಬಹುದು. ಈ ಇಬ್ಬರು ವಿದ್ವಾಂಸರೂ ಅದನ್ನು ಮರೆಯಲಿಲ್ಲ. ಅಂತಹ ಗ್ರಂಥಿಗಳುಳ್ಳ ಬೇರೆ ಗಿಡ ಆ ಪದರಗಳಲ್ಲಿ ಗೊತ್ತಿರಲಿಲ್ಲವೆಂಬುದನ್ನೂ, ಬೀಜವೂ ಗಿಡವೂ ಒಂದೇ ನೆಲೆಯಲ್ಲಿ ಕೂಡಿ ಸಿಕ್ಕುವುದನ್ನೂ, ಬೀಜದ ತೊಟ್ಟಿನ ನಾಳಗಳ ರಚನೆ ಎಲೆಯ ತೊಟ್ಟಿನದಕ್ಕೆ ಹೊಂದುವುದನ್ನೂ ಜೊತೆಗಿಟ್ಟು ನೋಡಿದರು. ೧೯೦೪ರಲ್ಲಿ ರಾಬರ್ಟ್ ಕಿಡ್‌ಸ್ಟನ್ನರು ನ್ಯೂರಾಪ್ಟೆರಿಸ್ ಎಂಬ ಮತ್ತೊಂದು ಜಾತಿಯಲ್ಲಿ, ಎಲೆಯ ಭಾಗಗಳೊಡನೆ ಕೂಡಿಯೇ ಇದ್ದ ಬೀಜವನ್ನು ಪ್ರಕಟಪಡಿಸಿದರು. ಸ್ಟೂರರ ಸಂಶಯಕ್ಕೆ ಇಪ್ಪತ್ತು ವರ್ಷಗಳ ಮೇಲೆ ಸಮರ್ಥನೆ ದೊರೆಯಿತು. ಆಲಿವರ್ ಮತ್ತು ಸ್ಕಾಟರು ಈ ಗಿಡಗಳಿಗಾಗಿ ಬೀಜಜರೀಗಿಡಗಳೆಂಬ ಹೊಸ ವರ್ಗವನ್ನೇ ಸ್ಥಾಪಿಸಿದರು.

ಭಾರತದಲ್ಲಿಯೂ ಇದೇ ಮಾರ್ಗದಿಂದ ಒಂದು ಮಹತ್ಕಾರ್ಯ ನಡೆದಿದೆ. ರಾಜಮಹಲ್ ಬೆಟ್ಟಗಳ ನಿಪಾನಿಯಾ ಎಂಬಲ್ಲಿ ಬಿಡಿಬಿಡಿಯಾಗಿ ದೊರೆತು ಬೇರೆ ಬೇರೆ ಹೆಸರು ಪಡೆದಿದ್ದ ಕಾಂಡ, ಎಲೆ, ಬೀಜಗೊಂಚಲುಗಳನ್ನು ಬೀರ್ಬಲ್ ಸಾಹನಿಯವರು ಒಳರಚನೆಯ ಸಾಮ್ಯದಿಂದ ಕೂಡಿಸಿ, ಪೆಂಟಾಕ್ಸಿಲಾನ್ ಗಿಡದ ರೂಪವನ್ನು ೧೯೪೮ರಲ್ಲಿ ಲೋಕದ ಮುಂದಿಟ್ಟರು. ಮರುವರ್ಷ ಏಪ್ರಿಲ್ ೧೦ರಂದು ಅವರು ದಿವಂಗತರಾದರು.

ಇನ್ನು, ೧೯೦೩ರ ನಿರ್ಣಯದಲ್ಲಿ ಇಂದಿಗೂ ನಿಂತಿರುವುದೆಷ್ಟು ಎಂಬುದನ್ನು ನೋಡೋಣ. ಜರೀಗಿಡದಿಂದ ಬೀಜಸಸ್ಯ ಹುಟ್ಟಿತೆಂಬುದಕ್ಕೆ ಲಿಜಿನೋಡೆಂಡ್ರಾನ್ ಸಾಕ್ಷಿಯೆಂದು ಆಗ ಅನೇಕರು ಭಾವಿಸಿದ್ದರು. ಆದರೆ ೧೯೬೦ರಲ್ಲಿ ಅಮೆರಿಕದ ಚಾರ್ಲ್ಸ್ ಬೆಕ್ಕರು, ಜರೀಗಿಡದ್ದೆಂದು ಎಣಿಸಲಾಗಿದ್ದ ಆರ್ಕಿಯಾಪ್ಟೆರಿಸ್ ಎಂಬ ಎಲೆಯೂ ಬೀಜಸಸ್ಯದ್ದೆಂದು ಎಣಿಸಲಾಗಿದ್ದ ಕ್ಯಾಲಿಕ್ಸಿಲಾನ್ ಎಂಬ ಮರವೂ ಒಂದೇ ಗಿಡದ ಅಂಗಗಳೆಂದು ತೋರಿಸಿದರು. ಬೀಜಸಸ್ಯದ ಮರವುಳ್ಳ ಆ ಗಿಡ ಬಿಡುತ್ತಿದ್ದುದು ರೇಣುವನ್ನು. ಬೀಜಸಸ್ಯಗಳ ಪೂರ್ವಜರು ಈ ಬಳಗದವರೆಂದೂ, ಜರೀಗಿಡಗಳು ಬೇರೊಂದು ಕವಲೆಂದೂ ಈಗಿನ ಮತ. ಪಶ್ಚಿಮ ವರ್ಜೀನಿಯದಿಂದ ೧೯೮೯ರಲ್ಲಿ ವರ್ಣಿತವಾದ ಎಲ್ಕಿನ್ಸಿಯ ಎಂಬ ಗಿಡದ ಬೀಜಗಳು ಸುಮಾರು ಮೂವತ್ತಾರು ಕೋಟಿ ವರ್ಷಗಳಷ್ಟು ಹಳೆಯವು. ಅವುಗಳ ಕವಚ ಇನ್ನೂ ಮುಚ್ಚಿಕೊಳ್ಳದೆ ಬಿಡಿ ಎಸಳುಗಳಾಗಿ ಸುತ್ತುವರಿದಿದೆ. ಸ್ಕಾಟ್ಲೆಂಡಿನಿಂದ ೧೯೬೦ರಲ್ಲಿ ವರ್ಣಿತವಾದ ಜಿನೋಮೋಸ್ಪರ್ಮ ಎಂಬ ಬೀಜದಲ್ಲಿಯೂ ಹೀಗೆಯೇ. ಬಿಡಿ ಎಸಳುಗಳು ಕ್ರಮೇಣ ಬೆಸೆದು ಕವಚವಾದುವೆಂದು ಇವುಗಳಿಂದ ಊಹಿಸುವುದಕ್ಕೆ ಆಧಾರವಿದೆ.

ಬೀಜಜರೀಗಿಡಗಳೆಂಬುದು ಒಂದೇ ಮೂಲದ ವರ್ಗವೆಂದು ಇಂದು ಯಾರೂ ಹೇಳುವುದಿಲ್ಲ. ಹಲವು ಕವಲುಗಳ ಗಿಡಗಳು ಆ ಹೆಸರಿನಡಿಯಲ್ಲಿ ಸೇರಿಹೋಗಿದ್ದುವು. ಎಲೆಯ ಹೋಲಿಕೆಯನ್ನು ನಂಬಿ ಕಟ್ಟಿದ ವಂಶಾವಳಿ ಸಡಿಲಿತು. ಲಿಜಿನೋಡೆಂಡ್ರಾನ್ ಎಂಬ ಹೆಸರೂ ಈಗ ಲಿಜಿನಾಪ್ಟೆರಿಸ್ ಎಂದು ಬದಲಾಗಿದೆ. ಆದರೆ ಈ ಬೀಜ ಆ ಗಿಡದ್ದೆಂಬ ಮಾತು ಮಾತ್ರ ಅಲುಗಿಲ್ಲ. ಗ್ರಂಥಿಗಳು ನುಡಿದ ಸಾಕ್ಷ್ಯ ಅಷ್ಟರ ಮಟ್ಟಿನದು. ಅಷ್ಟರ ಮಟ್ಟಿಗೆ ಅದು ಇಂದಿಗೂ ಸ್ಥಿರವಾಗಿದೆ.