‘ವೆರಿ’, ‘ರಿಯಲಿ’, ‘ಸೋ’: ಒತ್ತುಪದಗಳ ಬೆನ್ನು ಹತ್ತಿದವರು

1754ರ ಡಿಸೆಂಬರಿನಲ್ಲಿ ಲಂಡನ್ನಿನ ‘ದಿ ವರ್ಲ್ಡ್’ ಎಂಬ ಪತ್ರಿಕೆಯಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ಒಬ್ಬ ಶ್ರೀಮಂತ ಹೆಂಗಸಿನ ಮಾತನ್ನು ಗೇಲಿ ಮಾಡಿದ. ಚಿನ್ನದ ಪುಟ್ಟ ನಶ್ಯದ ಡಬ್ಬಿಯನ್ನು ನೋಡಿದ ಆಕೆ, ಅದು ‘ವಾಸ್ಟ್ಲಿ’ ಚೆಂದ, ಯಾಕೆಂದರೆ ‘ವಾಸ್ಟ್ಲಿ’ ಚಿಕ್ಕದು ಎಂದಳಂತೆ. ವಾಸ್ಟ್ ಎಂದರೆ ವಿಶಾಲ. ಅಂಗೈಯಲ್ಲಿ ಅಡಗುವ ಡಬ್ಬಿಗೆ ಅಷ್ಟು ದೊಡ್ಡ ಪದವೇ ಎಂಬುದು ಅವನ ತಮಾಷೆ. ಆದರೆ ಇಂಗ್ಲಿಷಿನ ಬಹುಪಾಲು ಇಂಟೆನ್ಸಿಫೈಯರುಗಳು, ಅಂದರೆ ಮಾತಿಗೆ ಒತ್ತು ಕೊಡುವ ಪದಗಳು, ಹೀಗೆ ಮೂಲಾರ್ಥ ಸವೆದೇ ಕೆಲಸಕ್ಕೆ ಬಂದವು. ಯಾರ ಕಣ್ಣಿಗೂ ಬೀಳದ ಸಾಧು ‘ವೆರಿ’ ಕೂಡ ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ‘ನಿಜವಾದ’ ಎಂದು.

‘ವೆರಿ’ಗೆ ಮೊದಲೂ ಈ ಕುರ್ಚಿ ಖಾಲಿ ಇರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಬಲವಾಗಿ’ ಎಂಬ ಅರ್ಥದ ‘ಸ್ವಿದೆ’ ಇತ್ತು. ಅದು ಹಿಂದೆ ಸರಿದಂತೆ ‘ಫುಲ್’, ‘ರೈಟ್’, ‘ವೆಲ್’ ಮುಂದೆ ಬಂದವು. ‘ವೆರಿ’ ಗಟ್ಟಿಯಾಗಿ ತಳವೂರಿದ್ದು ಆಮೇಲೆ. ‘ಟೆರಿಬ್ಲಿ’, ‘ಆಫುಲಿ’ಗಳು ಭಯ ಕಳೆದುಕೊಂಡು ಹೊಗಳಿಕೆಗೂ ಒದಗಿದ್ದು ಇನ್ನೂ ಈಚೆಗೆ. ‘ಊಟ ಭಯಂಕರ ಚೆನ್ನಾಗಿತ್ತು’ ಎನ್ನುವ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಈ ಪದಗಳನ್ನೇ ವಿಷಯವಾಗಿಸಿಕೊಂಡು ಪುಸ್ತಕ ಬರೆದ ಮೊದಲಿಗರಲ್ಲಿ ಒಬ್ಬರು ಡಚ್ ವಿದ್ವಾಂಸ ಸ್ಟೊಫೆಲ್. 1901ರಲ್ಲಿ ಬಂದ ಅವರ ‘ಇಂಟೆನ್ಸಿವ್ಸ್ ಅಂಡ್ ಡೌನ್‌ಟೋನರ್ಸ್’ ಮಾತನ್ನು ಏರಿಸುವ ಪದಗಳ ಜೊತೆಗೆ ಇಳಿಸುವ ಪದಗಳನ್ನೂ ಕೂರಿಸಿತು. ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸನ್ 1922ರಲ್ಲಿ ಚೆಸ್ಟರ್‌ಫೀಲ್ಡನ ಆ ನಶ್ಯದ ಡಬ್ಬಿಯನ್ನೇ ಮತ್ತೆ ಹೊರತೆಗೆದು, ಹೆಂಗಸರಿಗೆ ಉತ್ಪ್ರೇಕ್ಷೆಯ ಮೋಹ ಹೆಚ್ಚು ಎಂದರು. ಎಣಿಕೆಯಿಲ್ಲ, ತಾಳೆ ನೋಡಿದ್ದಿಲ್ಲ. ಗಂಡಸರ ಕ್ಲಬ್ಬಿನ ಹರಟೆಯೇ ಭಾಷಾಶಾಸ್ತ್ರದ ಅಂಗಿ ತೊಟ್ಟಿತ್ತು. ಗಂಡಸರೇನು ಕಡಿಮೆ ಒತ್ತು ಹಾಕುತ್ತಿರಲಿಲ್ಲ. ಅವರ ಪದಗಳು ಅಚ್ಚಿಗೆ ಹೋಗುವಂತಿರಲಿಲ್ಲ ಅಷ್ಟೆ. 1914ರಲ್ಲಿ ನಾಟಕಕಾರ ಶಾ ಅವರ ‘ಪಿಗ್ಮೇಲಿಯನ್’ ಲಂಡನ್ ರಂಗಕ್ಕೆ ಬಂದಾಗ, ನಾಯಕಿಯ ಬಾಯಲ್ಲಿ ಒಂದೇ ಒಂದು ‘ಬ್ಲಡಿ’ ಕೇಳಿ ಊರೆಲ್ಲ ಗುಲ್ಲೆದ್ದಿತ್ತು.

ಅತ್ತ ಶಾಲೆಯ ವ್ಯಾಕರಣ ತನ್ನದೇ ದಾರಿಯಲ್ಲಿತ್ತು. ನಮ್ಮಲ್ಲಿ ತಲೆಮಾರುಗಳು ಉರುಹೊಡೆದ ರೆನ್ ಅಂಡ್ ಮಾರ್ಟಿನ್ ಈ ವಿಷಯಕ್ಕೆ ಕೊಟ್ಟ ಜಾಗ ಕಡಿಮೆ, ಆದರೆ ಕೊಟ್ಟ ಎಚ್ಚರಿಕೆ ಖಡಕ್ಕು: ‘ವೆರಿ ಗುಡ್’ ಸರಿ, ‘ವೆರಿ ಬೆಟರ್’ ತಪ್ಪು, ಅಲ್ಲಿ ‘ಮಚ್ ಬೆಟರ್’ ಬರಬೇಕು, ‘ವೆರಿ’ ಬರುವ ಕಡೆ ‘ಟೂ’ ಹಾಕಕೂಡದು. ಈ ಕೊನೆಯದನ್ನು ಕನ್ನಡಿಗರಿಗೆಂದೇ ಬರೆದಂತಿದೆ. ‘ಕಾಫಿ ತುಂಬಾ ಬಿಸಿ’ ಎಂದಾಗ ಹದವಾಗಿ ಬಿಸಿಯಿದೆ ಎಂದೂ ಆಗಬಹುದು, ಬಾಯಿಗಿಡಲಾಗದು ಎಂದೂ ಆಗಬಹುದು; ಅದು ತಿಳಿಯುವುದು ಹೇಳುವವರ ದನಿಯಿಂದ. ಇಂಗ್ಲಿಷ್ ಇಲ್ಲಿ ಎರಡು ಪದ ಇಟ್ಟುಕೊಂಡಿದೆ. ‘ವೆರಿ ಹಾಟ್’ ಎಂದರೆ ಕುಡಿಯಬಹುದು, ‘ಟೂ ಹಾಟ್’ ಎಂದರೆ ಕಾಯಬೇಕು. ಹಾಗಾಗಿ ಮದುವೆ ಊಟ ಮುಗಿಸಿ ‘ಟೂ ಗುಡ್’ ಎನ್ನುವ ನಮ್ಮ ಮೆಚ್ಚುಗೆ ಆ ಪುಸ್ತಕದ ಲೆಕ್ಕದಲ್ಲಿ ಅತಿಯಾಯಿತೆಂಬ ದೂರಾಗುತ್ತದೆ. ನಿಯಮವೂ ಪೂರ್ತಿ ಬಿಗಿಯಲ್ಲ ಎನ್ನಿ. ‘ಯೂ ಆರ್ ಟೂ ಕೈಂಡ್’ ಎಂದು ಇಂಗ್ಲಿಷರೇ ಉಪಚಾರಕ್ಕೆ ಹೇಳುತ್ತಾರೆ.

ಬೈಗುಳ ಮತ್ತು ನಿಷೇಧಗಳ ಈ ಕಾಲ ಮುಗಿದದ್ದು 1970ರ ಸುಮಾರಿಗೆ. ಭಾಷಾಶಾಸ್ತ್ರಜ್ಞ ಸಿಡ್ನಿ ಗ್ರೀನ್‌ಬಾಮ್ ಒಂದು ಸರಳ ಪ್ರಯೋಗ ಮಾಡಿದರು. ‘ಐ ಬ್ಯಾಡ್ಲಿ’ ಎಂದಷ್ಟೇ ಕೊಟ್ಟು ವಾಕ್ಯ ಪೂರ್ತಿ ಮಾಡಿ ಎಂದರು. ಬಹುಪಾಲು ಜನರ ಕೈ ಹೋದದ್ದು ‘ನೀಡ್’, ‘ವಾಂಟ್’ಗಳ ಕಡೆಗೆ. ‘ಐ ಎಂಟೈರ್ಲಿ’ ಎಂದರೆ ‘ಅಗ್ರೀ’. ಯಾವ ಮೇಷ್ಟ್ರೂ ಇದನ್ನು ನಿಯಮವಾಗಿ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. 1972ರಲ್ಲಿ ಡ್ವೈಟ್ ಬೊಲಿಂಜರ್ ‘ಡಿಗ್ರೀ ವರ್ಡ್ಸ್’ ಬರೆದು, ಹೆಚ್ಚುಕಡಿಮೆಯ ಅಳತೆ ವಿಶೇಷಣಗಳಿಗೆ ಮಾತ್ರವಲ್ಲ, ನಾಮಪದ ಕ್ರಿಯಾಪದಗಳಿಗೂ ಉಂಟೆಂದು ತೋರಿಸಿದರು. ರ‍್ಯಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ ಇವೆಲ್ಲಕ್ಕೂ ಶ್ರೇಣಿ ಕಟ್ಟಿತು: ತುತ್ತತುದಿಗೆ ಒಯ್ಯುವ ‘ಕಂಪ್ಲೀಟ್ಲಿ’, ಏರಿಸುವ ‘ವೆರಿ’, ತಗ್ಗಿಸುವ ‘ಸ್ಲೈಟ್ಲಿ’, ಹತ್ತಿರ ಹೋಗಿ ನಿಲ್ಲುವ ‘ಆಲ್ಮೋಸ್ಟ್’.

ಕಲಿಯುವವರಿಗೆ ನಿಜವಾಗಿ ಒದಗುವುದು ಇದರ ಹಿಂದಿನ ತರ್ಕ. ‘ಕೋಲ್ಡ್’ ಮೆಟ್ಟಿಲುಗಳಿರುವ ಗುಣ. ಒಂದು ಬೆಳಗ್ಗೆಗಿಂತ ಇನ್ನೊಂದು ಹೆಚ್ಚು ಚಳಿ ಇರಬಹುದು. ಹಾಗಾಗಿ ‘ವೆರಿ ಕೋಲ್ಡ್’. ‘ಫ್ರೀಜಿಂಗ್’ ಆಗಲೇ ಕೊನೆಯ ಮೆಟ್ಟಿಲಿನಲ್ಲಿದೆ, ಅದಕ್ಕೆ ‘ಅಬ್ಸಲ್ಯೂಟ್ಲಿ’ ಬೇಕು. ‘ವೆರಿ ಡೆಡ್’ ಎಂದರೆ ನಗುತ್ತಾರೆ, ‘ಕಂಪ್ಲೀಟ್ಲಿ ಡೆಡ್’ ನಡೆಯುತ್ತದೆ. ಸ್ವೀಡನ್ನಿನ ಕರೀಟಾ ಪಾರಾಡಿಸ್ 1997ರಲ್ಲಿ ಮಾತಿನ ಇಂಗ್ಲಿಷನ್ನು ಹಿಡಿದು ಈ ಹೊಂದಾಣಿಕೆಯನ್ನು ಬಿಡಿಸಿಟ್ಟರು. ಎರಡು ನಾಲಗೆಯ ‘ಕ್ವೈಟ್’ ಇಲ್ಲಿ ಸಿಕ್ಕಿಬೀಳುತ್ತದೆ. ‘ಕ್ವೈಟ್ ಇಂಪಾಸಿಬಲ್’ ಎಂದರೆ ಸುತರಾಂ ಸಾಧ್ಯವಿಲ್ಲ. ‘ಕ್ವೈಟ್ ಗುಡ್’ ಎಂದರೆ ಪರವಾಗಿಲ್ಲ. ಬ್ರಿಟನ್ನಿನ ಪ್ರಾಧ್ಯಾಪಕರು ಪ್ರಬಂಧದ ಮೇಲೆ ‘ಕ್ವೈಟ್ ಗುಡ್’ ಎಂದು ಗೀಚಿದರೆ ಪೇಡಾ ಹಂಚುವ ಅಗತ್ಯವಿಲ್ಲ.

ಈ ನಡುವೆ ಬಂದದ್ದು ಕಂಪ್ಯೂಟರು. ಕೋಟಿಗಟ್ಟಲೆ ಪದಗಳ ಸಂಗ್ರಹಗಳಲ್ಲಿ ಒಂದು ಪದದ ಅಕ್ಕಪಕ್ಕ ಏನಿದೆ ಎಂದು ಸಾಲುಸಾಲಾಗಿ ನೋಡುವುದು ಸುಲಭವಾಯಿತು. 1993ರಲ್ಲಿ ಬಿಲ್ ಲೌ ‘ಅಟರ್ಲಿ’ಯ ಸಹವಾಸ ನೋಡಿದರೆ ಬಹುತೇಕ ಕೆಟ್ಟ ಸುದ್ದಿಗಳೇ. ಐದು ವರ್ಷದ ಬಳಿಕ ಬೆಲ್ಜಿಯಮ್ಮಿನ ಸಿಲ್ವಿಯಾನ್ ಗ್ರೇಂಜರ್ ಫ್ರೆಂಚ್ ಮನೆಮಾತಿನ ವಿದ್ಯಾರ್ಥಿಗಳ ಬರಹ ಜಾಲಾಡಿದಾಗ, ‘ಕಂಪ್ಲೀಟ್ಲಿ’, ‘ಟೋಟಲಿ’ ಅಗತ್ಯಕ್ಕಿಂತ ಜಾಸ್ತಿ ಸಿಕ್ಕವು, ‘ಹೈಲಿ’ ಕಡಿಮೆ. ಧೈರ್ಯವಾಗಿ ಎಲ್ಲಿ ಬೇಕಾದರೂ ಅಂಟಿಸಬಹುದಾದ ಪದವನ್ನೇ ಕಲಿಯುವವರು ನೆಚ್ಚುತ್ತಾರೆ. ನಮ್ಮ ‘ವೆರಿ ಮಚ್ ಹ್ಯಾಪಿ’ಯೂ ಅದೇ ಧೈರ್ಯದ ಫಲ.

2003ರಲ್ಲಿ ರಿಕಾ ಇಟೊ ಮತ್ತು ಸಾಲಿ ಟಾಲ್ಯಮಾಂಟೆ ಇಂಗ್ಲೆಂಡಿನ ಯಾರ್ಕ್ ಊರಿನವರ ಮಾತನ್ನು ಎಣಿಸಿದರು. ಮುದುಕರ ಬಾಯಲ್ಲಿ ‘ವೆರಿ’, ಹುಡುಗರ ಬಾಯಲ್ಲಿ ‘ರಿಯಲಿ’. ಶತಮಾನಗಳ ಹಿಂದೆ ಮೂಲೆ ಸೇರಿದ್ದ ‘ವೆಲ್’, ‘ರೈಟ್’ ಕೂಡ ಅಲ್ಲಲ್ಲಿ ಉಸಿರಾಡುತ್ತಿದ್ದವು. ಎರಡು ವರ್ಷದ ನಂತರ ಟಾಲ್ಯಮಾಂಟೆ ಮತ್ತು ಕ್ರಿಸ್ ರಾಬರ್ಟ್ಸ್ ‘ಫ್ರೆಂಡ್ಸ್’ ಧಾರಾವಾಹಿಯ ಸಂಭಾಷಣೆ ಹಿಡಿದು ಕೂತರು. ಅಲ್ಲಿ ಗೆದ್ದದ್ದು ‘ಸೋ’, ಅದನ್ನು ಹೆಚ್ಚು ಬಳಸಿದ್ದು ಹೆಣ್ಣು ಪಾತ್ರಗಳು. ಯೆಸ್ಪರ್ಸನ್ನರ ಮಾತು ಅರ್ಧ ನಿಜವಾದಂತಾಯಿತು. ಆದರೆ ಈಗ ಅದರ ಓದು ಬೇರೆ: ಹೊಸ ಪದವನ್ನು ಮೊದಲು ಎತ್ತಿಕೊಳ್ಳುವವರು ಹೆಂಗಸರು, ಭಾಷೆ ಅವರ ಹಿಂದೆ ಬರುತ್ತದೆ.

ಇಷ್ಟೆಲ್ಲ ಆಗಿಯೂ ನಮ್ಮ ತರಗತಿಗಳಲ್ಲಿ ಇನ್ನೂ ನಡೆಯುವುದು ಹೆಚ್ಚಾಗಿ ಬಿಡಿಪದಗಳ ಪಟ್ಟಿ. ಇಂಗ್ಲಿಷ್ ಮೇಷ್ಟ್ರುಗಳು ಅದನ್ನು ಬಿಟ್ಟು ಜೋಡಿಗಳನ್ನು ಬರೆಸಲಿ: ‘ಹೈಲಿ ಲೈಕ್ಲಿ’, ‘ಡೀಪ್ಲಿ ಗ್ರೇಟ್‌ಫುಲ್’, ‘ಬಿಟರ್ಲಿ ಡಿಸಪಾಯಿಂಟೆಡ್’. 2002ರಲ್ಲಿ ಬಂದ ಆಕ್ಸ್‌ಫರ್ಡ್ ಕೊಲೊಕೇಷನ್ಸ್ ನಿಘಂಟು ಇಂಥ ಜೋಡಿಗಳಿಗೆಂದೇ ಇದೆ. ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ತರಿಸಿ.